ಆಡು ಮೇಯ್ದ ಮಲ್ಲಿಗೆ

ಶಂಭುಲಿಂಗನ ಕೈಗುಣಕ್ಕೆ ಬ್ಯಾಡಗಿಯಲ್ಲಷ್ಟೇ ಅಲ್ಲ, ಸುತ್ತಲಿನ ಏಳು ತಾಲ್ಲೂಕಿನಲ್ಲೂ ಸಾಟಿ ಇರಲಿಲ್ಲ. ಹಾಗೆಂದು ಹೇಳುತ್ತಿದ್ದವನೂ ಶಂಭುಲಿಂಗನೇ. "ನಾ ಮುರಕ ಛತ್ರಿ ಊರಿದ್ರೂ ಮೂರನೇ ದಿನಕ್ಕ ಚಿಗೀತೈತಿ" ಎಂದು ತನ್ನ ಗೋಣಿಚೀಲದ ಅಂಗಡಿಯಲ್ಲಿ ಕೂತು ಸಾರುತ್ತಿದ್ದ. ಚಹಾ ಅವನದೇ ಆಗಿದ್ದರಿಂದ ಗಿರಾಕಿಗಳು ತಲೆದೂಗುತ್ತಿದ್ದರು.

ಖರೇ ಹೇಳಬೇಕೆಂದರೆ ಹಿತ್ತಲು ಬೆಳೆಸಿದವಳು ಹೆಂಡತಿ ನೀಲಗಂಗವ್ವ. ಮೆಣಸಿನಕಾಯಿ ಸುಗ್ಗಿಯಲ್ಲಿ ಊರೆಲ್ಲ ಚೀಲ ಚೀಲ ಎನ್ನುವಾಗ ಶಂಭುಲಿಂಗನಿಗೆ ಮನೆಯಲ್ಲಿ ಗುರುತಿದ್ದದ್ದು ಊಟದ ತಾಟು ಮತ್ತು ತಲೆದಿಂಬು ಮಾತ್ರ. ಆದರೆ ವರ್ಷಕ್ಕೊಮ್ಮೆ, ಯುಗಾದಿಗೆ ಹಿತ್ತಲು ಹಸನು ಮಾಡಲು, ಹಿಂದಿನ ರಾಜರು ಬೇಟೆಗೆ ಹೊರಟಂತೆ ಕುಡಗೋಲು ಹಿಡಿದು ಇಳಿಯುತ್ತಿದ್ದ.

ಈ ಸಲ ಇಳಿದದ್ದು ಶಿವರಾತ್ರಿಯ ಮರುದಿನ. ಪೇಟೆಗೆ ಸೂಟಿ, ನೀಲಗಂಗವ್ವ ತವರೂರು ಅಗಡಿಗೆ ಹೋಗಿದ್ದಳು. ಎಲೆ ಗುಡಿಸಿದ, ಕರಿಬೇವಿನ ಕೊಂಬೆ ಸವರಿದ. ಬಚ್ಚಲ ನೀರು ಹರಿಯುವಲ್ಲಿ ಒಣಗಿದಂತೆ ಕಂಡ ಬಳ್ಳಿಯೊಂದನ್ನು ಬುಡದ ತನಕ ಕೊಯ್ದು ಒಗೆದ. ಒಗೆದ ಮೇಲೆ ತುದಿ ನೋಡಿದರೆ ಒಳಗೆಲ್ಲ ಹಸಿ. ಅದು ನೀಲಗಂಗವ್ವನ ಅವ್ವ ಅಗಡಿಯಿಂದ ಸೆರಗಿನಲ್ಲಿ ಸುತ್ತಿ ತಂದು ನೆಟ್ಟ ಮಲ್ಲಿಗೆ. ಅವ್ವ ಈಗಿಲ್ಲ. ಪ್ರತಿ ಯುಗಾದಿಗೂ ಆ ಬಳ್ಳಿಯ ಮೊದಲ ಹೂವನ್ನು ಮಗಳು ಮುಡಿಯುತ್ತಿದ್ದಳು.

ಶಂಭುಲಿಂಗ ಅತ್ತಿತ್ತ ನೋಡಿದ. ಕುರುಹೇ ಉಳಿಯಬಾರದೆಂದು ಬಳ್ಳಿಯನ್ನು ಕಸದ ರಾಶಿಯ ಮೇಲೆ ಹಾಕಿ ಬೆಂಕಿ ಹಚ್ಚಿದ. ಆ ರಾಶಿಯಲ್ಲಿ ಹಳೆಯ ಚೀಲ ಜಾಡಿಸಿದ ಮೆಣಸಿನಕಾಯಿ ತೊಟ್ಟು, ಬೀಜ, ಪುಡಿ ಎಲ್ಲ ಇದ್ದದ್ದು ಅವನ ಲಕ್ಷ್ಯಕ್ಕೆ ಬರಲಿಲ್ಲ. ಎದ್ದ ಘಾಟಿಗೆ ಓಣಿಗೆ ಓಣಿಯೇ ಕೆಮ್ಮುತ್ತ ಹೊರಗೆ ಬಂತು. ರಾಣೆಬೆನ್ನೂರಿನಲ್ಲಿ ತೊಟ್ಟಿಲ ಕೂಸು ಸೀನಿತಂತೆ. ಗುಟ್ಟಾಗಿ ಮುಚ್ಚಬೇಕಾದದ್ದಕ್ಕೆ ಡಂಗುರ ಸಾರಿಸಿದಂತಾಯಿತು.

ಅದೇ ಹೊತ್ತಿಗೆ ನೀಲಗಂಗವ್ವ ಬಸ್ಸಿಳಿದು ಬಂದಳು. ಗೋಡೆಯಾಚೆ ಪಕ್ಕದ ಮನೆಯ ಮಹಮೂದಾಬೇಗಂ ಸೆರಗಿನಿಂದ ಮೂಗು ಮುಚ್ಚಿ ನಿಂತಿದ್ದಳು.

"ಏನ ಸುಡಾಕತ್ತೀರಿ? ನನ್ನ ಮಲ್ಲಿಗಿ ಎಲ್ಲಿ?" ಎಂದಳು ನೀಲಗಂಗವ್ವ.

"ಬೇಗಂ ಅಕ್ಕಾರ ಆಡು ಮೇದೈತಿ" ಎಂದುಬಿಟ್ಟ ಶಂಭುಲಿಂಗ. "ಉಳದದ್ದಕ್ಕ ಬೆಂಕಿ ಹಚ್ಚೇನಿ."

ನೀಲಗಂಗವ್ವ ಬುಡ ನೋಡಿದಳು, ಗಂಡನನ್ನು ನೋಡಿದಳು, ಗೋಡೆಯಾಚೆ ನೋಡಿದಳು. ಬೇಗಂ ಮೆಲ್ಲಗೆ, "ಹೌದೇನ್ರಿ ಶಂಭಣ್ಣಾರ? ಹಂಗಾರ ನಮ್ಮ ಆಡು ಇನ್ನ ನಿಮ್ಮ ಕಣ್ಣಿಗೆ ಬೀಳಂಗಿಲ್ಲ ಬಿಡ್ರಿ" ಎಂದಳು.

ಮರುದಿನ ಶಂಭುಲಿಂಗ ಗೋಡೆಯಾಚೆ ಇಣುಕಿದ. ಗೂಟ ಖಾಲಿ. ಆಡು ಮೋಟೆಬೆನ್ನೂರಿಗೆ, ಬೇಗಂ ತಂಗಿಯ ಮನೆಗೆ ಹೋಗಿದೆಯೆಂದು ತಿಳಿಯಿತು. ತನ್ನ ಸುಳ್ಳಿಗೇ ಅದನ್ನು ಊರು ಬಿಡಿಸಿದರೆಂದುಕೊಂಡ.

ಅಲ್ಲಿಂದ ಶುರುವಾಯಿತು. ಮಳೆಗಾಲದ ಜ್ವರದಲ್ಲಿ ಬೇಗಂ ಕಳಿಸಿದ್ದ ಆ ಆಡಿನ ಹಾಲು ಈಗ ಹೊಟ್ಟೆಯೊಳಗೇ ಬ್ಯಾ ಎನ್ನತೊಡಗಿತು. ಅಂಗಡಿಯಲ್ಲಿ ಸುತಳಿ ಎಳೆದರೆ ಅದರ ಕೊರಳ ಹಗ್ಗ ನೆನಪಾಗುತ್ತಿತ್ತು. ಹೇಳಬೇಕೆಂದು ಬಾಯಿ ತೆರೆಯುತ್ತಿದ್ದ, ಆಕಳಿಸಿ ಮುಚ್ಚುತ್ತಿದ್ದ. ಹೇಳಲಾರದ್ದಕ್ಕೆಲ್ಲ ಹಿತ್ತಲಲ್ಲಿ ದುಡಿದ. ನಸುಕಿನಲ್ಲೆದ್ದು ಮಡಿ ಕಟ್ಟಿ ಮೆಂತ್ಯ, ಹರಿವೆ ಬಿತ್ತಿದ. ಗೋಡೆಗೆ ಸುಣ್ಣ ಬಳಿದ, ಬೇಗಂ ಕಡೆಯ ಮೈಗೂ ಬಳಿದ. ಮಲ್ಲಿಗೆಯ ಮೋಟಿಗೆ ಎರಡು ಕೆರೆ ಬತ್ತುವಷ್ಟು ನೀರು ಹೊತ್ತ.

"ಯಾಕ್ರಿ, ಈ ವರ್ಷ ಭಾಳ ದುಡ್ಯಾಕತ್ತೀರಿ?" ಎಂದು ನೀಲಗಂಗವ್ವ ಕೇಳಿದರೆ ಕೊಡ ಹಿಡಿದು ಓಡುತ್ತಿದ್ದ.

ಮೋಟು ಚಿಗುರಿತು, ಆದರೆ ಹೂ ಬಿಡುವಷ್ಟಲ್ಲ. ಯುಗಾದಿ ಬಂತು. ಪೇಟೆಯಿಂದ ನಾಲ್ಕು ಮಾರು ಮಲ್ಲಿಗೆ ತಂದುಕೊಟ್ಟ. ನೀಲಗಂಗವ್ವ ಅಷ್ಟನ್ನೂ ದೇವರಿಗೆ ಏರಿಸಿದಳು, ತಾನು ಬರೀ ತಲೆಯಲ್ಲೇ ಹೋಳಿಗೆ ಮಾಡಿದಳು. ಆ ಬರೀ ತುರುಬನ್ನು ಶಂಭುಲಿಂಗ ನೋಡಲಾರದೆ ಹೋದ.

ಮರುದಿನವೇ ರಂಜಾನ್. ಈ ಮನೆಯ ಹೋಳಿಗೆ ಗೋಡೆ ದಾಟುವುದು, ಆ ಮನೆಯ ಸುರಕುಂಬಾ ಪಾಯಸ ಇತ್ತ ಬರುವುದು ಎರಡು ತಲೆಮಾರಿನ ವಾಡಿಕೆ. ಯುಗಾದಿಯ ಸಂಜೆಯೇ, ಕೊನೆಯ ರೋಜಾ ಬಿಡುವ ಹೊತ್ತಿಗೆ ಮುಂಚೆ, ಹೆಂಡತಿ ತಾಟನ್ನು ಅವನ ಕೈಗಿತ್ತು ಹಿಂದೆಯೇ ಬಂದಳು. ಬೇಗಂ ಕೈ ಚಾಚಲಿಲ್ಲ.

"ನಿಮ್ಮ ಮಲ್ಲಿಗಿ ತಿಂದ ಮನಿಯವರು ನಾವು. ಯಾವ ಮಾರಿ ಇಟ್ಕೊಂಡು ಹೋಳಿಗಿ ತಗೊಳ್ಳೂಣ್ರಿ ಶಂಭಣ್ಣಾರ?"

ಈ ತಾಟು ಹಿಂದಿರುಗಿದರೆ ವಾಡಿಕೆ ಇವತ್ತಿಗೇ ಮುರಿಯಿತು.

"ಆಡು ತಿಂದಿಲ್ರಿ ಅಕ್ಕಾರ! ನಾನ ಕೊಯ್ದೇನಿ. ಒಣಗೇತಿ ಅಂತ ಕೊಯ್ದೆ, ಹೆದರಿ ಸುಟ್ಟೆ, ಆ ಮೂಕ ಜೀವದ ಮ್ಯಾಲ ಹಾಕಿದೆ. ನಾಳೆ ಮೊದಲನೇ ಬಸ್ಸಿಗೆ ಹೋಗಿ ಅದನ್ನ ಹೆಗಲಮ್ಯಾಲ ಹೊತ್ಕೊಂಡ ಬರ್ತೇನಿ."

ಬೇಗಂ ಸೆರಗು ಬಾಯಿಗೆ ಒತ್ತಿಕೊಂಡಳು. ನೀಲಗಂಗವ್ವ ಒತ್ತಿಕೊಳ್ಳಲಿಲ್ಲ, ಗಹಗಹಿಸಿ ನಕ್ಕಳು.

"ಅದು ಮರಿ ಹಾಕಾಕ ಅಂತ ಸಂಕ್ರಾಂತಿ ಆಗ್ತಲೇ ಮೋಟೆಬೆನ್ನೂರಿಗೆ ಹೋಗೇತ್ರಿ! ಮಗ್ಗಲ ಮನಿ ಗೂಟ ಖಾಲಿ ಇದ್ದದ್ದು ಓಣಿಗೆಲ್ಲಾ ಗೊತ್ತು, ನಿಮಗೊಬ್ರಿಗೆ ಗೊತ್ತಿಲ್ಲ."

"ಎಷ್ಟ ದಿನ ತಡೀತಾರ ನೋಡೂಣು ಅಂದ್ಲು ನಿಮ್ಮನಿಯಾಕಿ" ಎಂದು ಬೇಗಂ ತಾಟು ತೆಗೆದುಕೊಂಡಳು.

ನೀಲಗಂಗವ್ವನ ನಗೆ ನಿಂತಿತು. "ಬಳ್ಳಿ ಕೊಯ್ದದ್ದಕ್ಕ ಒಂದ ದಿನ ಅತ್ತೆ, ಮುಗೀತು. ಬುಡ ಐತಿ, ಚಿಗೀತೈತಿ. ಆದ್ರ ಬೇಗಂ ಅಕ್ಕನ ಮನಿ ಮ್ಯಾಲ ತಪ್ಪು ಹಾಕಿದ್ರಲ್ಲ, ಅದ ನನಗ ಇವತ್ತಿಗೂ ಚುಚ್ಚತೈತಿ."

ಶಂಭುಲಿಂಗ ಕೆಳಗೆ ನೋಡುತ್ತ ನಿಂತ. ಬೇಗಂ ತಾನೇ ಕನಿಕರಪಟ್ಟು, "ಹಬ್ಬದಾಗ ಇರ್ಲಿ ಬಿಡ ನೀಲಾ" ಎಂದಳು.

"ಬಿಟ್ಟೆ. ಆದ್ರ ಇನ್ನ ಮ್ಯಾಲ ಹಿತ್ತಲದಾಗ ಕುಡಗೋಲ ಹಿಡದ್ರ ನೋಡ್ರಿ ಮತ್ತ!"

ಶಂಭುಲಿಂಗ ತಲೆ ಎತ್ತದೆಯೇ ಅಂದ:

"ನಾ ಯಾಕ ಹಿಡೀಲಿ? ಮೋಟೆಬೆನ್ನೂರಾಗ ಕುಂತ ಬ್ಯಾಡಗಿ ಮಲ್ಲಿಗಿ ಮೇಯೂವಂಥಾ ಆಡು ಮಗ್ಗಲ ಮನ್ಯಾಗ ಐತಿ. ಮುಂದಿನ ಯುಗಾದಿಗೆ ಅದಕ್ಕ ಹೇಳಿ ಕಳಸ್ತೇನಿ."