ಎರಡು ಗುರಿಗೆ ಒಂದೇ ಸೋಲಾರ್

ನಿವೃತ್ತನಾದ ಮೇಲೂ ನಾನು ಬೆಳಿಗ್ಗೆ ಆರಕ್ಕೆ ಮಹಾಂತೇಶ ನಗರದ ಮನೆ ಬಿಟ್ಟು, ಆರೂವರೆಗೆ ಆಟೋ ನಗರದ ಫೌಂಡ್ರಿಯಲ್ಲಿ ಮೀಟರ್ ನೋಡಿ ಬರೆಯುತ್ತಿದ್ದೆ. ಫಾರಂನಲ್ಲಿ ಯಾವ ಕಾಲಂ ಕೂಡ ಖಾಲಿ ಬಿಡಬಾರದು ಎಂಬುದು ಮೊದಲ ಕೆಲಸದಲ್ಲೇ ನನಗೆ ಕಲಿಸಿದ ಶಿಸ್ತು. ಆ ಶಿಸ್ತು ಕಳೆದ ವರ್ಷ ಒಬ್ಬನ ಕಸುಬನ್ನೇ ನಿಲ್ಲಿಸುವುದರಲ್ಲಿತ್ತು.

ಆಗ ನಮ್ಮ ಫೌಂಡ್ರಿಗೆ ಸರ್ಕಾರದಿಂದ ಎರಡು ಗುರಿ ಬಂದಿದ್ದವು. ಬಳಸುವ ಕರೆಂಟಿನಲ್ಲಿ ಇಂತಿಷ್ಟು ಪಾಲು ಬಿಸಿಲಿನದಾಗಬೇಕು. ಅದರ ಜೊತೆಗೆ, ಒಂದು ಟನ್ ಕಬ್ಬಿಣ ಕರಗಿಸಲು ಹಿಂದಿಗಿಂತ ಕಡಿಮೆ ಕರೆಂಟು ಸಾಕಾಗಬೇಕು. ಮೊದಲನೆಯದಕ್ಕೆ ಮಾಲೀಕರು ಚಾವಣಿ ತುಂಬ ಸೋಲಾರ್ ಹಾಕಿಸಿದರು. ಎರಡನೆಯದಕ್ಕೆ ಭಟ್ಟಿಗಳಿಗೆ ಮುಚ್ಚಳ ಮಾಡಿಸೋಣ ಎಂದೆ. ತೆರೆದ ಬಾಯಿಂದ ಶಾಖ ಸುಮ್ಮನೆ ಹೋಗುತ್ತಿತ್ತು. ಮುಚ್ಚಳದ ಒಳಮೈಗೆ ಬೇಕಾದ, ಮರದ ಹೊಟ್ಟು ಬೆರೆಸಿ ಸುಡುವ ಹಗುರ ಇಟ್ಟಿಗೆಗಾಗಿ ಖಾನಾಪುರದ ಒಬ್ಬ ಆವಿಗೆಯವನಿಗೆ ಮಾತು ಕೊಟ್ಟೆ. ಹೆಂಚಿಗೆ ಗಿರಾಕಿ ಇಲ್ಲದೆ ಆತ ಆವಿಗೆ ಹೊತ್ತಿಸಿ ಬಹಳ ತಿಂಗಳಾಗಿತ್ತು. ಈ ಕೆಲಸವೂ ತಪ್ಪಿದರೆ ಅದನ್ನು ಮುಚ್ಚುವವನಿದ್ದ.

ಮೂರು ತಿಂಗಳ ಫಾರಂ ಕಳಿಸುವ ದಿನ ಮಾಲೀಕರು ಅದನ್ನು ನನ್ನ ಮುಂದೆ ಬೀಸಿದರು. "ಕಾಕಾರ, ಎರಡೂ ಗುರಿ ಮುಟ್ಟೇವ್ರಿ! ಇನ್ನ ಮುಚ್ಚಳ ಯಾಕ ಬೇಕ್ರಿ? ಇಟ್ಟಂಗಿಯವಗ ಬ್ಯಾಡ ಅಂತ ಹೇಳಿಬಿಡ್ರಿ."

ನೋಡಿದೆ. 'ತಯಾರಿಸಿದ್ದು' ಎಂಬ ಕಾಲಂನಲ್ಲಿ ಸೋಲಾರಿನ ಯೂನಿಟ್ ಬರೆದಿದ್ದೆ. ಪಕ್ಕದ 'ಉಳಿಸಿದ್ದು' ಖಾಲಿ ಉಳಿಯುತ್ತದಲ್ಲ ಎಂದು ಅದೇ ಅಂಕಿಯನ್ನು ಅಲ್ಲೂ ಬರೆದಿದ್ದೆ. ಅಕ್ಷರ ದುಂಡಗಿತ್ತು. ಭಟ್ಟಿ ಮಾತ್ರ ಮೊದಲಿನಷ್ಟೇ ಕರೆಂಟು ನುಂಗುತ್ತಿತ್ತು.

ಫೋನಿನಲ್ಲಿ ಹೇಳುವ ಮಾತಲ್ಲ. ಖಾನಾಪುರದ ಬಸ್ಸು ಹತ್ತಿದೆ. ಸೀಟಿದ್ದರೂ ಕೂರಲಾಗದೆ ಬಾಗಿಲ ಹತ್ತಿರ ನಿಂತೇ ಹೋದೆ.

ಆವಿಗೆಯವನು ಹಸಿ ಇಟ್ಟಿಗೆ ತಿರುವಿಹಾಕುತ್ತಿದ್ದ. "ಬರ್ರಿ ಸಾಹೇಬ್ರ, ಕುಂದರ್ರಿ. ನಾಯಿ ಬೆನ್ನ ಹತ್ತಿದಂಗ ಬಂದೀರಲ್ಲ?"

ನಿಂತಲ್ಲೇ ಎಲ್ಲ ಹೇಳಿದೆ. ಆತ ಕೈಯ ಮಣ್ಣು ಒರೆಸಿಕೊಂಡ.

"ಅಲ್ರೀ, ಮನ್ಯಾಗ ಇನ್ನೊಂದು ಎಮ್ಮಿ ಹಾಲು ಕೊಟ್ರ, ಹುಡುಗ್ರು ಕಡಿಮಿ ಕುಡದ್ರು ಅಂತ ಬರೀತೀರೇನು?"

"ತಪ್ಪು ನಂದಽ ಐತಿ."

"ಖರೇ. ಹಂಗಾರ ತಿದ್ದೂ ಪೆನ್ನೂ ನಿಮ್ಮ ಕಿಸೇದಾಗನ ಐತಿ."

ಮಧ್ಯಾಹ್ನ ಮರಳಿ ಬಂದು, ಮಾಲೀಕರ ಎದುರೇ ಎರಡನೆಯ ಅಂಕಿಯನ್ನು ಹೊಡೆದುಹಾಕಿ ಸಹಿ ಮಾಡಿದೆ.

"ಒಂದ ಸೋಲಾರ್ ಎರಡೂ ಕಡೆ ನಡೀತಿತ್ತಲ್ರೀ! ಯಾರ್ ಕೇಳಾವ್ರಿದ್ರು?"

"ಹಂಗಽ ಬೇಕಂದ್ರ ಬ್ಯಾರೆಯವ್ರ ಸಹಿ ತಗೋರಿ, ಸಾವಕಾರ್ರ."

ಅವರು ಕುರ್ಚಿ ಹಿಂದೆ ತಳ್ಳಿ ಎದ್ದರು, ಭಟ್ಟಿಗಳ ತನಕ ಹೋಗಿ ಬಂದರು, ಮತ್ತೆ ಹೋದರು. ಕೊನೆಗೆ, ಮೊದಲು ಒಂದೇ ಭಟ್ಟಿಗೆ ಮುಚ್ಚಳ, ಅದು ನಿಜವಾಗಿ ಉಳಿಸಿದರೆ ಮಿಕ್ಕ ಎರಡಕ್ಕೆ ಎಂದರು.

ಖಾನಾಪುರಕ್ಕೆ ಫೋನ್ ಹಚ್ಚಿದೆ. ಇದ್ದದ್ದನ್ನು ಇದ್ದಂತೆ ಹೇಳಿದೆ.

"ಒಂದ ಭಟ್ಟಿ ಇಟ್ಟಂಗಿಗೆ ಆವಿಗಿ ತುಂಬೂದಿಲ್ರಿ ಸಾಹೇಬ್ರ," ಎಂದ ಆತ. "ಇರ್ಲಿ, ಉಳದ ಜಾಗಾದಾಗ ಹೂವಿನ ಕುಂಡ ಇಡತೀನಿ. ಶುಕ್ರವಾರ ನಮಾಜ್ ಮುಗಿಸಿ ಹೊತ್ತಸ್ತೀನಿ."