ದಾಕ್ಷಾಯಿಣಿ ಕಾಕು ಬಿಚ್ಚಿದ ಸೆರಗು

ಗೋಕಾಕದ ನಮ್ಮ ಓಣಿಯಲ್ಲಿ ದಾಕ್ಷಾಯಿಣಿ ಕಾಕುವಿನ ಮನೆ ಯಾವುದು ಎಂದು ಕೇಳಿದರೆ ಯಾರೂ ಮನೆಯ ನಂಬರು ಹೇಳುವುದಿಲ್ಲ. ‘ಬಾಗಲ ಪರದೆ ಮ್ಯಾಲ ಆನಿ ಅದಾವಲ್ಲ, ಅದ ನೋಡ್ರಿ’ ಎನ್ನುತ್ತಾರೆ. ಪರದೆಯೊಂದೇ ಅಲ್ಲ, ಆ ಮನೆಯಲ್ಲಿ ಕಸೂತಿ ಕಾಣದ ಬಟ್ಟೆ ಸಿಗುವುದು ಕಷ್ಟ. ಗ್ಯಾಸ್ ಸಿಲಿಂಡರಿಗೆ ಹೊದಿಸಿದ ಬಟ್ಟೆಯ ಮೇಲೆ ತುಳಸಿಕಟ್ಟೆ, ಟೀವಿಯ ಮುಸುಕಿನ ಮೇಲೆ ಪಲ್ಲಕ್ಕಿ, ಬುತ್ತಿ ಕಟ್ಟುವ ವಸ್ತ್ರದ ಮೂಲೆಗೆ ಜೋಡಿ ಗಿಳಿ. ಅವರ ಗಂಡ ಅಪ್ಪಣ್ಣ ಕಾಕಾ ಮೂವತ್ತೈದು ವರ್ಷ ಕೋರ್ಟಿನ ಎದುರಿಗೆ ಕುಳಿತು ಜನರ ಅರ್ಜಿಗಳನ್ನು ಟೈಪು ಮಾಡಿದವರು. ‘ನಾ ಸ್ವಲ್ಪ ಹೊತ್ತು ಅಲುಗಾಡದ ಕುಂತ್ರ ನನ್ನ ಬೆನ್ನಿನ ಮ್ಯಾಲೂ ಒಂದು ಗೋಪುರ ತಗೀತಾಳ್ರಿ’ ಎಂದು ಬಂದವರೆದುರು ನಗುತ್ತಿದ್ದರು.

ನಾನು ಅವರ ಮನೆಯಿಂದ ಎರಡು ಮನೆ ಈಚೆಗೆ ಇರುವವಳು. ಕಾಲೇಜಿನಿಂದ ಬರುವಾಗ ಅವರ ಹೊಸ್ತಿಲ ಬಳಿ ನಿಲ್ಲದೆ ಮುಂದೆ ಹೋದದ್ದು ಕಡಿಮೆ. ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಕಾಕು ಬೆಳಕು ಬೀಳುವ ಜಾಗ ನೋಡಿ ಕೂತರೆಂದರೆ ಅವರ ಮುಖವೇ ಬದಲಾಗುತ್ತಿತ್ತು. ಮನೆಯ ಜಂಜಾಟವೆಲ್ಲ ಅಡುಗೆಮನೆಯಲ್ಲೇ ಉಳಿದು, ಏಳು ವರ್ಷದ ಹುಡುಗಿಯೊಬ್ಬಳು ಬಂದು ಸೂಜಿ ಹಿಡಿದು ಕುಳಿತಂತೆ ಕಾಣುತ್ತಿತ್ತು. ತುಟಿ ಮಾತ್ರ ಅಲುಗಾಡುತ್ತಿತ್ತು. ಎಳೆ ಎಣಿಸುತ್ತಿದ್ದರು.

ಎಣಿಸುವುದನ್ನು ಕಲಿತದ್ದು ತವರುಮನೆ ಕಣಗಲಾದಲ್ಲಿ, ತಾಯಿ ಶಿವವ್ವನಿಂದ. ಕಸೂತಿಗೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಕಣ್ಣಲ್ಲೇ ಎಣಿಸಿ ಸೂಜಿ ಹಾಕುತ್ತ ಹೋಗಬೇಕು. ಗಂಟು ಹಾಕುವಂತಿಲ್ಲ. ಮುಂದೆ ಹೇಗೆ ಕಾಣುತ್ತದೋ ಹಿಂದೆಯೂ ಹಾಗೇ ಕಾಣಬೇಕು. ಶಿವವ್ವ ಮಗಳ ಕೆಲಸವನ್ನು ಕೈಗೆ ತೆಗೆದುಕೊಂಡರೆ ಮೊದಲು ತಿರುವಿ ಹಿಂಬದಿ ನೋಡುತ್ತಿದ್ದಳಂತೆ. ಒಂದು ಗಂಟು ಕಂಡರೂ ಪೂರ್ತಿ ಬಿಚ್ಚಿಹಾಕುತ್ತಿದ್ದಳಂತೆ. ‘ನನ್ನ ಮೊದಲನೇ ಆನಿ ನಮ್ಮವ್ವ ಮೂರು ಸಲ ಬಿಚ್ಚಿದ್ಲು. ನಾಕನೇ ಸಲ ನಿಂತಿತು’ ಎಂದು ಕಾಕು ಹೆಮ್ಮೆಯಿಂದ ಹೇಳುತ್ತಿದ್ದರು. ಓಣಿಯ ಹೆಣ್ಣುಮಕ್ಕಳಿಗೆ ರವಿವಾರ ಕಸೂತಿ ಕಲಿಸಲು ಆರಂಭಿಸಿದಾಗ ಅದೇ ಪಾಠವನ್ನು ಅದೇ ರೀತಿಯಲ್ಲಿ ಕಲಿಸಿದರು.

ಆಮ್ರಪಾಲಿ ಬಂದದ್ದು ಹಾಗೆ ಒಂದು ರವಿವಾರ. ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಅವಳ ತಾಯಿ ಸಾತವ್ವ ಧುಪದಾಳದವಳು. ವಾರವೆಲ್ಲ ಹೊಲದ ಕೂಲಿಗೆ ಹೋಗಿ, ರವಿವಾರ ಮೆಂತೆ, ಕೊತ್ತಂಬರಿ ಬುಟ್ಟಿ ಹೊತ್ತು ಗೋಕಾಕದ ಓಣಿಗಳಲ್ಲಿ ಮಾರುತ್ತಿದ್ದಳು. ಹಿಂದೆ ಬರುತ್ತಿದ್ದ ಮಗಳು ಈ ಪರದೆಯ ಮುಂದೆ ಬಂದರೆ ಕಾಲು ಕೀಳುತ್ತಿರಲಿಲ್ಲ.

‘ಅಕ್ಕಾರ, ನನ್ನ ಮಗಳು ನಿಮ್ಮ ಆನಿ ನೋಡಕೋತ ನಿಂತಬಿಡ್ತಾಳ್ರಿ. ಇಕಿಗೂ ಕಲಸ್ತೀರೇನ್ರಿ?’ ಎಂದು ಸಾತವ್ವ ಮೆಟ್ಟಿಲ ಕೆಳಗಿನಿಂದಲೇ ಕೇಳಿದಳು.

‘ಕಳಸು. ಕೈ ತೊಳಕೊಂಡು ಬರಬೇಕು, ಅಷ್ಟ’ ಎಂದರು ಕಾಕು.

ಹುಡುಗಿ ಒಂದು ತಿಂಗಳಲ್ಲಿ ನೇರ ಹೊಲಿಗೆ ಕಲಿತಳು, ಮೂರು ತಿಂಗಳಲ್ಲಿ ಮೆಟ್ಟಿಲಿನಂತೆ ಏರಿಳಿಯುವ ಮುರ್ಗಿ ಹೊಲಿಗೆ. ಬೇರೆಯವರು ಒಂದು ಹೂವಿಗೆ ಒದ್ದಾಡುವಾಗ ಇವಳು ಮೂರು ಮುಗಿಸುತ್ತಿದ್ದಳು. ಎಣಿಸುತ್ತಿರಲಿಲ್ಲ. ಕಿಟಕಿಯಾಚೆ ನೋಡುತ್ತ, ಏನೋ ಗುನುಗುತ್ತ ಸೂಜಿ ಆಡಿಸುತ್ತಿದ್ದಳು. ನೆನೆದದ್ದು ಬಟ್ಟೆಯ ಮೇಲೆ ಮೂಡಿದಾಗ ತನಗೇ ಆಶ್ಚರ್ಯವಾದಂತೆ ಗಟ್ಟಿಯಾಗಿ ನಕ್ಕುಬಿಡುತ್ತಿದ್ದಳು. ಅವಳ ನಗು ಕೇಳಿ ಕಾಕುವಿಗೂ ನಗು ಬರುತ್ತಿತ್ತು. ಆದರೆ ಅವಳ ಪ್ರಶ್ನೆಗಳು ಹಿಡಿಸುತ್ತಿರಲಿಲ್ಲ.

‘ಅಕ್ಕಾರ, ಆನಿ ಯಾವಾಗ್ಲೂ ಎಡಕ್ಕ ಯಾಕ ಹೊಂಟಿರ್ತಾವ್ರಿ?’

‘ನಮ್ಮವ್ವ ಹಂಗ ತಗೀತಿದ್ಲು.’

‘ನಿಮ್ಮವ್ವ ಯಾಕ ಹಂಗ ತಗೀತಿದ್ರು?’

‘ಬಾಯಿ ಮುಚ್ಚಿ ಎಳಿ ಎಣಸು.’

ಹತ್ತನೆಯ ಇಯತ್ತೆಗೆ ಬಂದ ವರ್ಷ ಅವಳು ತಾಯಿಯ ಸೀರೆಯನ್ನೇ ತಂದಳು. ಸಾತವ್ವನ ಮದುವೆಯ ಕರಿ ಇಳಕಲ್ ಸೀರೆ. ಸಾತವ್ವನ ಬಳಿ ಇದ್ದ ಒಳ್ಳೆಯ ಸೀರೆ ಅದೊಂದೇ. ಅದರ ಸೆರಗಿನ ಪಕ್ಕದ ಕರಿ ಒಡಲಿನಲ್ಲಿ ಧುಪದಾಳದ ಒಡ್ಡನ್ನು ತೆಗೆಯುತ್ತೇನೆ ಎಂದಳು. ಒಡ್ಡಿನ ಮೇಲಿಂದ ಇಳಿಯುವ ನೀರು, ಕೆಳಗೆ ಬಂಡೆಗಳ ಮೇಲೆ ನಿಂತ ಕೊಕ್ಕರೆಗಳು.

‘ಕಸೂತ್ಯಾಗ ನವಿಲ ಅದಾವ, ಗಿಳಿ ಅದಾವ. ಕೊಕ್ಕರಿ ಇಲ್ಲ’ ಎಂದರು ಕಾಕು.

‘ನಮ್ಮೂರಾಗ ಅದಾವಲ್ರಿ ಅಕ್ಕಾರ.’

ಐದು ತಿಂಗಳು ಹೊಲಿದಳು. ಬಿಳಿ ರೇಷ್ಮೆಯಲ್ಲಿ ನೀರು, ಬೂದಿ ಬಣ್ಣದಲ್ಲಿ ಒಂಬತ್ತು ಕೊಕ್ಕರೆ. ಒಂದು ಒಂಟಿ ಕಾಲಲ್ಲಿ ನಿಂತಿತ್ತು. ಒಂದು ಕುತ್ತಿಗೆ ಹೊರಳಿಸಿ ಹಿಂದೆ ನೋಡುತ್ತಿತ್ತು. ಮಾರ್ಚಿ ತಿಂಗಳಲ್ಲಿ ಪರೀಕ್ಷೆ ಬಂತು. ಇನ್ನು ಸ್ವಲ್ಪವೇ ಉಳಿದಿತ್ತು. ಮನೆಯಲ್ಲಿಟ್ಟರೆ ಓದು ಬಿಟ್ಟು ಹೊಲಿಯುತ್ತ ಕೂಡುತ್ತೇನೆಂದು ಹೇಳಿ ಸೀರೆಯನ್ನು ಕಾಕುವಿನ ಕೈಗೆ ಕೊಟ್ಟು ಹೋದಳು.

ಏಪ್ರಿಲ್‌ನಲ್ಲಿ ಊರಿನ ಮಹಿಳಾ ಮಂಡಳದವರು ಕೈಕೆಲಸದ ಪ್ರದರ್ಶನ ಇಡುವವರಿದ್ದರು. ಈ ಹುಡುಗಿಗೇ ಮೊದಲ ಬಹುಮಾನ ಬರಬೇಕೆಂದು ಕಾಕುವಿನ ಆಸೆ. ತಮ್ಮ ಕೈಯಲ್ಲಿ ಕಲಿತವಳು ಎಂಬ ಅಭಿಮಾನ. ಆ ಅಭಿಮಾನದಲ್ಲೇ ಸೀರೆ ಬಿಡಿಸಿ, ತಿರುವಿ ಹಿಂಬದಿ ನೋಡಿದರು. ಗಂಟುಗಳಿದ್ದವು. ಒಂದು ಹಕ್ಕಿಯಿಂದ ಇನ್ನೊಂದು ಹಕ್ಕಿಗೆ ದಾರ ಹಾಗೇ ಹಾಯ್ದು ಹೋಗಿತ್ತು.

ಗಂಟಷ್ಟೇ ತೆಗೆದು ಸರಿ ಮಾಡಿಡೋಣ ಎಂದುಕೊಂಡರು. ಒಂದು ಗಂಟು ಕತ್ತರಿಸಿದರು. ಕೊಕ್ಕರೆಯ ಕಾಲು ಸಡಿಲವಾಯಿತು. ಕಾಲು ಬಿಚ್ಚಿದರು, ಹೊಟ್ಟೆ ಸಡಿಲವಾಯಿತು. ಸಂಜೆಯ ಹೊತ್ತಿಗೆ ನಾಲ್ಕು ಹಕ್ಕಿ ಹೋಗಿದ್ದವು. ಅಪ್ಪಣ್ಣ ಕಾಕಾ ಕೋರ್ಟಿನಿಂದ ಬಂದು ನೋಡಿ, ‘ಅಕಿನ್ನ ಒಂದು ಮಾತು ಕೇಳಬೇಕಿತ್ತು ನೀ’ ಎಂದರು. ‘ಅಕಿಗೇನು ತಿಳೀತೈತಿ, ಸಣ್ಣ ಹುಡುಗಿ’ ಎಂದರು ಕಾಕು. ಮೂರನೆಯ ದಿನಕ್ಕೆ ಬಟ್ಟೆ ಬರಿದಾಯಿತು.

ಆ ಜಾಗದಲ್ಲಿ ಗೋಪುರ ತೆಗೆದರು. ಗೋಪುರದ ಎರಡೂ ಕಡೆ ಪಲ್ಲಕ್ಕಿ, ಕೆಳಗೆ ಎಡಕ್ಕೆ ಹೊರಟ ಆನೆಗಳ ಸಾಲು. ಹನ್ನೊಂದು ದಿನ ಕೂತರು. ಈ ಹನ್ನೊಂದು ದಿನಗಳ ಮಾತು ಬಂದಾಗ ಕಾಕುವಿನ ದನಿ ಇಳಿಯುತ್ತದೆ. ‘ಖರೆ ಹೇಳ್ತೀನಿ, ಅಷ್ಟು ಚಂದದ ಕೆಲಸ ಅದಕ್ಕೂ ಮೊದಲು ಮಾಡಿರಲಿಲ್ಲ, ಆಮ್ಯಾಲೂ ಮಾಡಿಲ್ಲ. ಊಟದ ಖಬರ ಇರಲಿಲ್ಲ ನನಗ. ಅಷ್ಟು ಖುಷಿಲೆ ಹೊಲದೆ.’

ಪರೀಕ್ಷೆ ಮುಗಿಸಿ ಆಮ್ರಪಾಲಿ ಓಡುತ್ತ ಬಂದಳು. ಕಾಕು ಸೀರೆಯನ್ನು ಅವಳ ತೊಡೆಯ ಮೇಲೆ ಹರವಿ, ಅವಳ ಮುಖವನ್ನೇ ನೋಡುತ್ತ ಕೂತರು. ಹುಡುಗಿ ಆನೆಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಕಲಿಸಿದ್ದ ಹಾಗೆ ತಿರುವಿ ಹಿಂಬದಿ ನೋಡಿದಳು. ಒಂದೂ ಗಂಟಿರಲಿಲ್ಲ.

‘ಭಾಳ ಚಂದ ಆಗೇತ್ರಿ’ ಎಂದಳು.

‘ನಿನ್ನ ಹೆಸರಲೇ ಇಡ್ತೀನಿ ಪ್ರದರ್ಶನದಾಗ. ಒಂದನೇ ನಂಬರ ನಿಂದ.’

‘ಇದು ನಂದಲ್ರಿ ಅಕ್ಕಾರ. ಇಡೂದಾದ್ರ ನಿಮ್ಮ ಹೆಸರಲೇ ಇಡಬೇಕು.’ ಸೀರೆಯನ್ನು ನಿಧಾನವಾಗಿ ಮಡಚಿದಳು. ‘ಆದ್ರ ಸೀರಿ ನಮ್ಮವ್ವಂದು. ಒಯ್ತೀನ್ರಿ.’

ಮತ್ತೆ ಬರಲಿಲ್ಲ. ಸಾತವ್ವನ ಬುಟ್ಟಿಯೂ ನಮ್ಮ ಓಣಿಗೆ ಬರುವುದು ನಿಂತಿತು. ಕಾಕುವಿಗೆ ಆಗ ಸಿಟ್ಟೇ ಬಂದಿತ್ತು. ಹನ್ನೊಂದು ದಿನ ಕಣ್ಣು ಕೆಡಿಸಿಕೊಂಡು ಮಾಡಿಕೊಟ್ಟರೆ ಉಪಕಾರದ ಒಂದು ಮಾತಿಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡರು. ನನ್ನ ಮುಂದೆಯೂ ಹೇಳಿದ್ದರು. ನಾನೂ ಹೌದೆಂದು ತಲೆ ಆಡಿಸಿದ್ದೆ.

ವರ್ಷಗಳು ಹೋದವು. ರವಿವಾರದ ಹುಡುಗಿಯರು ಬರುತ್ತಿದ್ದರು, ಲಗ್ನವಾಗಿ ಹೋಗುತ್ತಿದ್ದರು. ಮೂಡಲಗಿ ಕಡೆಯ ಮದುವೆಗಳಿಗೂ ಕಾಕುವಿನ ಕೈಯ ಸೀರೆ ಬೇಕೆಂದು ಜನ ಹುಡುಕಿಕೊಂಡು ಬರುತ್ತಿದ್ದರು. ಹೋದ ವರ್ಷ ಅವರ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಆರು ವಾರ ಸೂಜಿ ಮುಟ್ಟಕೂಡದು ಎಂದರು ಡಾಕ್ಟರು. ಮದುವೆಯಾದ ಮೇಲೆ ಅಷ್ಟು ದಿನ ಅವರು ಕೈಕಟ್ಟಿ ಕೂತದ್ದೇ ಇಲ್ಲ. ಮಧ್ಯಾಹ್ನ ಕರಿ ಕನ್ನಡಕ ಹಾಕಿಕೊಂಡು ಮಲಗಿ, ಇಲ್ಲಿಯವರೆಗೆ ಹೊಲಿದದ್ದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಳ್ಳುತ್ತಿದ್ದರು.

‘ಎಲ್ಲಾ ನೆನಪಾತು ನೋಡು’ ಎಂದರು ಒಂದು ದಿನ. ‘ಎಷ್ಟು ಆನಿ, ಎಷ್ಟು ಗೋಪುರ. ಅದ್ರಾಗ ನಂದು ಅನ್ನೂದು ಒಂದೂ ಇಲ್ಲ. ಎಲ್ಲಾ ನಮ್ಮವ್ವನವ. ಬಟ್ಟಿ ಮ್ಯಾಲ ಹೊಸಾದು ಮೂಡಿದ್ದು ನಾ ನೋಡಿದ್ದು ಒಂದ ಸಲ. ಅದನ್ನ ನಾನ ಕತ್ತರಿ ತಗೊಂಡು ಬಿಚ್ಚಿಹಾಕಿದೆ.’

ಕಣ್ಣು ಸರಿಯಾದ ಮೇಲೆ ಆ ಕೊಕ್ಕರೆಗಳನ್ನು ನೆನಪಿನಿಂದ ತೆಗೆಯಲು ನೋಡಿದರಂತೆ. ಒಂಟಿ ಕಾಲಿನದು ಬಂತು. ಹಿಂದೆ ನೋಡುವುದರ ಕುತ್ತಿಗೆ ಎಷ್ಟು ಸಲ ಹಾಕಿದರೂ ಹೊರಳಲಿಲ್ಲ. ಡಿಸೆಂಬರಿನಲ್ಲಿ, ಒಡ್ಡಿಗೆ ಹಕ್ಕಿ ಬಂದಿರುತ್ತವೆ ಎಂದು ಕೇಳಿ, ಒಬ್ಬರೇ ಬಸ್ಸು ಹತ್ತಿ ಧುಪದಾಳಕ್ಕೆ ಹೋದರು. ಹಕ್ಕಿ ನೋಡಿದರು. ಆಮೇಲೆ ಕೇಳಿಕೊಂಡು ಸಾತವ್ವನ ಮನೆ ಹುಡುಕಿದರು.

ಸಾತವ್ವ ಅಂಗಳದಲ್ಲಿ ಕೌದಿ ಹೊಲಿಯುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ನೋಡಿದೊಡನೆ ಗುರುತು ಹಿಡಿದು ಎದ್ದಳು. ‘ಒಳಗ ಬರ್ರಿ ಅಕ್ಕಾರ, ಬಿಸಲಾಗ ಯಾಕ ನಿಂತೀರಿ’ ಎಂದು ಕೈಹಿಡಿದು ಒಳಗೆ ಕರೆದೊಯ್ದು ಚಹಾ ಕೊಟ್ಟಳು. ಎರಡು ವರ್ಷ ಪ್ರತಿ ರವಿವಾರ ಮಗಳನ್ನು ಕರೆಯಲು ಬಂದವಳು ಮೆಟ್ಟಿಲ ಕೆಳಗೇ ನಿಲ್ಲುತ್ತಿದ್ದಳು. ಒಳಗೆ ಬಾ ಎಂದು ತಾವು ಒಮ್ಮೆಯೂ ಅಂದಿರಲಿಲ್ಲ ಎಂಬುದು ಕಾಕುವಿಗೆ ಆ ಚಹಾದ ಕಪ್ಪು ಹಿಡಿದಾಗ ಹೊಳೆಯಿತು.

‘ಆ ಕರಿ ಸೀರಿ ಐತೇನು ಸಾತವ್ವ?’

‘ಉಟ್ಟು ಉಟ್ಟು ಹರೀತ್ರಿ. ಕೌದ್ಯಾಗ ಸೇರಿಸೇನಿ.’ ಹಾಸಿಗೆಯ ಮೇಲಿದ್ದ ಹಳೆಯ ಕೌದಿಯೊಂದನ್ನು ಬಿಡಿಸಿ ತೋರಿಸಿದಳು. ಬಣ್ಣಬಣ್ಣದ ತುಂಡುಗಳ ನಡುವೆ ಒಂದು ಕರಿ ತುಂಡು. ಅದರ ಮೇಲೆ ಆನೆಯಿರಲಿಲ್ಲ, ಗೋಪುರವಿರಲಿಲ್ಲ. ಹತ್ತಿರದಿಂದ ನೋಡಿದರೆ ಸೂಜಿಯ ಸಣ್ಣ ಸಣ್ಣ ತೂತುಗಳಷ್ಟೇ.

‘ಮನಿಗೆ ತಂದ ದಿನಾನ ಎಲ್ಲಾ ಬಿಚ್ಚಿಬಿಟ್ಲ್ರಿ. ಇಷ್ಟು ಚಂದ ಐತಿ, ಯಾಕ ಕೆಡಸ್ತಿ ಅಂತ ನಾ ಬೈದೆ. “ಅಕ್ಕಾರು ನಂದು ಬಿಚ್ಚ್ಯಾರ, ನಾ ಅವರದು ಬಿಚ್ಚತೀನಿ” ಅಂದ್ಲು. ಬಿಚ್ಚೂಮಟಾ ಅಳಲಿಲ್ರಿ. ಪೂರಾ ಬಿಚ್ಚಿದ ಮ್ಯಾಲ ಅಳಾಕ ಹತ್ತಿದ್ಲು.’

ಕಾಕು ಆ ತುಂಡಿನ ಮೇಲೆ ಬೆರಳಾಡಿಸಿದರು. ಯಾವ ತೂತು ಹಕ್ಕಿಯದು, ಯಾವುದು ಆನೆಯದು ಎಂದು ತಿಳಿಯಲಿಲ್ಲ.

ಆಮ್ರಪಾಲಿ ಓದಿ, ಹುಕ್ಕೇರಿಯಲ್ಲಿ ಸರಕಾರಿ ಸರ್ವೇಯರ್ ಆಗಿದ್ದಾಳೆ, ಅಲ್ಲೇ ಮನೆ ಮಾಡಿಕೊಂಡಿದ್ದಾಳೆ ಎಂದು ಸಾತವ್ವ ಹೇಳಿದಳು. ಮುಂದಿನ ವಾರ ಕಾಕು ಒಂದು ಚೀಲದಲ್ಲಿ ಹೊಸ ಕರಿ ಬಟ್ಟೆ, ಬಿಳಿ ರೇಷ್ಮೆ, ಬೂದಿ ಬಣ್ಣದ ರೇಷ್ಮೆ ಇಟ್ಟುಕೊಂಡು ಹುಕ್ಕೇರಿಗೆ ಹೋದರು.

ಕಚೇರಿಯಲ್ಲಿ ಆಮ್ರಪಾಲಿ ದೊಡ್ಡ ಮೇಜಿನ ಮೇಲೆ ಹೊಲದ ನಕಾಶೆ ಹರವಿಕೊಂಡಿದ್ದಳು. ಕನ್ನಡಕ ಬಂದಿತ್ತು. ‘ಅಕ್ಕಾರ!’ ಎಂದು ಎದ್ದು ಕುರ್ಚಿ ಎಳೆದು ಕೊಟ್ಟಳು. ಇವಳಿಗೆ ನೀ ಅನ್ನಬೇಕೋ ನೀವು ಅನ್ನಬೇಕೋ ಕಾಕುವಿಗೆ ತಿಳಿಯಲಿಲ್ಲ. ಮಾತಿನ ಬದಲು ಚೀಲದಿಂದ ಬಟ್ಟೆ, ದಾರ ತೆಗೆದು ನಕಾಶೆಯ ಮೇಲಿಟ್ಟರು.

‘ಆ ಒಡ್ಡು ಇನ್ನೊಂದು ಸಲ ತಗೀವಾ. ನನಗ ಬರಾಕ ಒಲ್ಲದು.’

ಆಮ್ರಪಾಲಿ ರೇಷ್ಮೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಎಲ್ಲವನ್ನೂ ನೀಟಾಗಿ ಮಡಚಿ ಚೀಲಕ್ಕೆ ಹಾಕಿದಳು. ‘ಇಲ್ರಿ ಅಕ್ಕಾರ. ಮತ್ತ ಸೂಜಿ ಹಿಡೀಲೇ ಇಲ್ಲ ನಾ. ಗುಂಡಿ ಹರದ್ರೂ ನಮ್ಮನಿಯವರು ಹಚ್ಚಿಕೋತಾರ.’

‘ನಂದು ತಪ್ಪಾತವಾ. ನಿನ್ನ ಕೇಳಬೇಕಿತ್ತು.’

‘ಗಂಟು ಇದ್ವಲ್ರಿ, ಖರೇನ ಇದ್ವು. ನನಗೂ ಗೊತ್ತಿತ್ತು. ಪರೀಕ್ಷಾ ಮುಗಿಸಿಕೊಂಡು ಬಂದು ನಿಮ್ಮನ್ನ ಕೇಳಬೇಕು ಅಂತಿದ್ದೆ, ಗಂಟಿಲ್ದ ಅದನ್ನ ಹೆಂಗ ಮುಗಸೂದು ಅಂತ. ಅದನ್ನ ಕೇಳಾಕ ಅವತ್ತು ಓಡಿ ಬಂದಿದ್ದೆ.’

ಕಾಕು ಚೀಲವನ್ನು ಕೈಗೆ ತೆಗೆದುಕೊಂಡರು. ಏಳುವ ಮುಂಚೆ ಕೇಳಿದರು, ‘ಇನ್ನೂ ಸಿಟ್ಟೈತೇನು?’

‘ಈಗಿಲ್ರಿ. ಭಾಳ ವರ್ಷ ಇತ್ತು’ ಎಂದಳು ಆಮ್ರಪಾಲಿ. ದನಿಯಲ್ಲಿ ಕಹಿ ಇರಲಿಲ್ಲ. ಅಷ್ಟರಲ್ಲಿ ಯಾರೋ ಇಬ್ಬರು ರೈತರು ಕಾಗದ ಹಿಡಿದು ಬಾಗಿಲಲ್ಲಿ ನಿಂತರು. ಅವರನ್ನು ಸ್ವಲ್ಪ ಕಾಯಲು ಹೇಳಿ, ತನ್ನ ಸ್ಕೂಟಿಯ ಮೇಲೆ ಕಾಕುವನ್ನು ಬಸ್‌ಸ್ಟ್ಯಾಂಡಿಗೆ ತಂದುಬಿಟ್ಟಳು. ಮೊಣಕೈ ಹಿಡಿದು ಗೋಕಾಕದ ಬಸ್ಸು ಹತ್ತಿಸಿ, ಕಿಟಕಿಯ ಕೆಳಗೆ ನಿಂತು, ‘ಮುಟ್ಟಿದ ಮ್ಯಾಲ ಒಂದು ಫೋನ್ ಮಾಡ್ರಿ’ ಎಂದಳು.

ಮನೆಗೆ ಬಂದು ಫೋನ್ ಕೈಗೆ ತೆಗೆದುಕೊಂಡಾಗ ಕಾಕುವಿಗೆ ತಿಳಿಯಿತು, ನಂಬರು ತಾವೂ ಕೇಳಿರಲಿಲ್ಲ, ಅವಳೂ ಕೊಟ್ಟಿರಲಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಆ ಸಂಜೆಯೇ. ಆಫೀಸಿಗೆ ಫೋನ್ ಹಚ್ಚಿ ಕೇಳಿಕೊಡುತ್ತೇನೆ, ಅದೇನು ದೊಡ್ಡ ಕೆಲಸವಲ್ಲ ಎಂದೆ.

‘ಬ್ಯಾಡ’ ಎಂದರು. ‘ಅಕಿ ಹೇಳೂದು ಹೇಳ್ಯಾಳ. ಇನ್ನ ಅಕಿನ್ನ ಕಾಡಬಾರದು.’

ಮರುದಿನ ರವಿವಾರ. ಐದು ಹುಡುಗಿಯರು ಬಂದು ಚಾಪೆಯ ಮೇಲೆ ಕೂತಿದ್ದರು. ಕಾಕು ಸೂಜಿಗೆ ದಾರ ಪೋಣಿಸಿಕೊಟ್ಟು, ಈ ಸಲ ಏನು ತೆಗೆಯುತ್ತೀರಿ ಎಂದು ಅವರನ್ನೇ ಕೇಳಿದರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ನೀವು ಹೇಳಿದ್ದ ತಗೀತೀವ್ರಿ’ ಎಂದರು.