ಮಹಬೂಬಸಾಬನ ಎಡಗಿವಿ

1997ರಲ್ಲಿ ನನಗೆ ಬೈಲಹೊಂಗಲಕ್ಕೆ ವರ್ಗವಾಯಿತು. ಕಿವಿ, ಮೂಗು, ಗಂಟಲಿನ ವೈದ್ಯೆ ನಾನು. ಆ ಭಾಗದ ಜನರಿಗೆ ಕಿವಿಯೆಂದರೆ ಗೋಡೆಯೊಳಗಿನ ಗೂಡು. ಕಡ್ಡಿ, ಪಿನ್ನು, ಬೇವಿನ ರಸ, ಬಿಸಿ ಎಣ್ಣೆ, ಎಲ್ಲವೂ ಅದರೊಳಗೆ ಹೋಗಬೇಕು. ಎಲ್ಲಾ ಮುಗಿದ ಮೇಲೆ ನನ್ನ ನೆನಪಾಗಬೇಕು. ನಿವೃತ್ತಳಾದ ಮೇಲೆ ಬಹಳ ರೋಗಿಗಳ ಮುಖ ಮರೆತಿದ್ದೇನೆ. ಮನೋಳಿಯ ಮಹಬೂಬಸಾಬನನ್ನು ಮಾತ್ರ ಮರೆಯಲು ಆಗಿಲ್ಲ, ಮತ್ತು ಅವನಿಗಾದದ್ದರ ಸಿಟ್ಟು ಇನ್ನೂ ಇಳಿದಿಲ್ಲ.

ಅವನು ನೀರಿಗಿಳಿಯುವವನು. ಹರೆಯದಲ್ಲಿ ಕಾರವಾರದ ಕಡೆ ದುಡಿದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಡೈವಿಂಗ್ ಕಲಿತು, ಹಳೆಯದೊಂದು ಸೆಟ್ ಕೂಡ ತಂದಿದ್ದ. ನಮ್ಮ ಕಡೆಯ ಕೆಲವು ಹಳೆಯ ಬಾವಿಗಳ ತಳದಲ್ಲಿ ನೀರು ಮಣ್ಣನ್ನು ಕೊರೆದು ಒಂದು ಬದಿಗೆ ಗವಿಯಾಗಿರುತ್ತದೆ. ಬಾವಿಗೆ ಬಿದ್ದ ಮೋಟಾರು, ಒಮ್ಮೊಮ್ಮೆ ಹೆಣ, ಜಾರಿ ಆ ಗವಿ ಸೇರಿಬಿಡುತ್ತದೆ. ಎಂಥ ಈಜುಗಾರನೂ ಅಲ್ಲಿಗೆ ಹೋಗಲಾರ. ಸವದತ್ತಿ, ರಾಮದುರ್ಗ ಎರಡೂ ತಾಲೂಕಿನವರು ಆಗ ಇವನನ್ನೇ ಕರೆಯುತ್ತಿದ್ದರು. ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿಯನ್ನು ಹೆಂಡತಿಯ ಅಣ್ಣ ದಾದಾಪೀರನ ಕೈಗೆ ಕೊಟ್ಟು ಇಳಿಯುತ್ತಿದ್ದ.

ಮೊದಲ ಸಲ ಬಂದಾಗ ಅವನ ಎರಡೂ ಕಿವಿಯ ನಾಳ ಬಾತಿತ್ತು. ರೊಟ್ಟಿ ಅಗಿಯಲೂ ಆಗುತ್ತಿರಲಿಲ್ಲ. ಬಾವಿಯ ಹೊಲಸು ನೀರು ಕಿವಿಯಲ್ಲಿ ಉಳಿದು ಸೋಂಕಾಗಿತ್ತು. ಔಷಧ ಕೊಟ್ಟು ವಾಸಿ ಮಾಡಿ, ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದೆ. ನೆಗಡಿಯಿದ್ದಾಗ ಇಳಿಯಬೇಡ, ಮೂಗು ಕಟ್ಟಿದ್ದರೆ ಕಿವಿಯ ಒಳಗಿನ ಒತ್ತಡ ಸರಿಹೋಗದೆ ತಮಟೆಯ ತೆಳು ಪರೆ ಹರಿಯುತ್ತದೆ. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತು, ನೋವಾದರೆ ಮೇಲೆ ಬಾ. ಕಿವಿಗೆ ಬಿರಡೆ ತುರುಕಬೇಡ. ಹೊರಬಂದ ಮೇಲೆ ತಲೆ ವಾಲಿಸಿ ನೀರು ಸುರಿದುಹೋಗಲು ಬಿಡು, ಕಿವಿ ಒಣಗಲಿ. ತಮಟೆ ಗಟ್ಟಿಯಿರುವವರೆಗೆ ಮಾತ್ರ ನಾನು ಕೊಟ್ಟ ಹನಿ ಹಾಕಿಕೋ. ಎಣ್ಣೆಯನ್ನಂತೂ ಮುಟ್ಟಲೇಬೇಡ, ಅದು ನೀರನ್ನು ಒಳಗೇ ಹಿಡಿದಿಡುತ್ತದೆ.

"ಎಲ್ಲಾ ಮಾಡತೇನ್ರಿ ಬಾಯಾರ. ಎಣ್ಣಿದ್ದೊಂದು ನನ್ನ ಕೈಯಾಗಿಲ್ಲ ನೋಡ್ರಿ," ಎಂದ.

ಆಗ ತಿಳಿಯಿತು ಅವರ ಪದ್ಧತಿ. ಗವಿಗೆ ಹೋಗಿ ಜೀವಸಹಿತ ಬಂದವನನ್ನು ಬಾವಿಯ ಮಾಲಕರ ಮನೆಯ ಹಿರಿಯ ಹೆಂಗಸು ಕೂರಿಸಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ತನ್ನ ಕೈಯಾರೆ ಎರಡೂ ಕಿವಿಗೆ ಬಿಡಬೇಕು. ಎಲೆ ಅಡಿಕೆ, ಊಟ, ಎಲ್ಲಾ ಅದರ ನಂತರ. ಬೇಡವೆಂದರೆ ಆ ಮನೆಯ ಕೈಗುಣಕ್ಕೇ ಹೆಸರಿಟ್ಟ ಹಾಗೆ.

"ಬ್ಯಾಡ ಅನ್ನಾಕ ಬಾಯಿ ಇಲ್ಲೇನು ನಿನಗ?" ಎಂದು ರೇಗಿದೆ.

ಅವನು ನೆಲ ನೋಡುತ್ತ ಹೇಳಿದ: "ದೊಡ್ಡ ಮನಿ ಅಜ್ಜಿ ನನ್ನಂಥವನ ತಲಿ ತನ್ನ ತೊಡಿ ಮ್ಯಾಲ ಇಟಗೋತಾಳ್ರಿ ಬಾಯಾರ. ಬ್ಯಾರೆ ದಿನ ಅವರ ಹೊಸ್ತಲಾ ದಾಟಾಂಗಿಲ್ಲ ನಾನು. ಬ್ಯಾಡ ಅಂತ ಹ್ಯಾಂಗ ಅನ್ನಲಿ?"



ಮರುವರ್ಷ ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ಶಂಕ್ರೆಪ್ಪಗೌಡರ ಬಾವಿಯ ಮೋಟಾರು ಗವಿ ಸೇರಿತು. ಮಹಬೂಬಸಾಬ ಅದಕ್ಕೆ ಹಗ್ಗ ಕಟ್ಟಿ ಎತ್ತಿಸಿದ. ಗೌಡರ ತಾಯಿ ಗಂಗವ್ವ ಬಟ್ಟಲು ತಂದು, ತೊಡೆಯ ಮೇಲೆ ಅವನ ತಲೆಯಿಟ್ಟು ಸುಡುಸುಡು ಎಣ್ಣೆ ಬಿಟ್ಟರು. ವಾರ ಕಳೆಯುವುದರಲ್ಲಿ ಎಡಗಿವಿ ಕೀವು ಸುರಿಸುತ್ತ ಅವನು ನನ್ನೆದುರಿಗಿದ್ದ. ತಮಟೆಯಲ್ಲಿ ತೂತು. "ಇನ್ನ ಆಪರೇಷನ್ ಆಗಿ ತಮಟಿ ಕೂಡೂ ತನಕ ನೀರಿಗೆ ಇಳಿಯೋ ಹಂಗಿಲ್ಲ," ಎಂದೆ. ಕಾರಣವನ್ನೂ ಬಿಡಿಸಿ ಹೇಳಿದೆ. ಕಿವಿಯ ಒಳಭಾಗದಲ್ಲಿ ನಮ್ಮ ಸಮತೋಲ ಕಾಯುವ ಅಂಗವಿದೆ. ತೂತಿನಿಂದ ತಣ್ಣೀರು ಒಳಹೊಕ್ಕು ಅದರ ಪಕ್ಕಕ್ಕೆ ಬಂದರೆ ತಲೆ ಗಿರ್ರೆನ್ನುತ್ತದೆ, ಮೇಲು ಕೆಳಗು ತಿಳಿಯುವುದಿಲ್ಲ. ಹೊಳೆಯಲ್ಲಾದರೆ ಹೇಗೋ ಬದುಕಬಹುದು. ಕತ್ತಲ ಗವಿಯಲ್ಲಿ ಅದು ಸಾವು.

ಶಂಕ್ರೆಪ್ಪಗೌಡರು ಬೈಲಹೊಂಗಲದ ಮಾರುಕಟ್ಟೆಗೆ ಬಂದಾಗ ಹೇಳಿಕಳಿಸಿ ಕರೆಸಿ, ಇದನ್ನೆಲ್ಲ ಅವರಿಗೂ ಹೇಳಿದೆ. ಅವರು ಹೊಟ್ಟೆ ಅಲುಗಿಸಿ ನಕ್ಕರು. "ನಮ್ಮವ್ವನ ಎಣ್ಣಿಂದ ಯಾರ ಸತ್ತಾರ್ರಿ ಬಾಯಾರ? ನಾ ಅದನ್ನ ಹಾಕ್ಕೊಂಡ ಬೆಳದೇನಿ." ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಆಪರೇಷನ್ನಿಗೆಂದು ಕಿವಿ ಒಣಗುವುದನ್ನು ಕಾಯುತ್ತಿದ್ದಾಗಲೇ ಅದೇ ಬಾವಿಯಲ್ಲಿ ಪಕ್ಕದ ಹೊಲದ ತರುಣನೊಬ್ಬ ಮುಳುಗಿದ. ಹೆಣ ಗವಿ ಸೇರಿತು. ಅವನ ತಾಯಿ ಬಾವಿಯ ದಂಡೆ ಬಿಟ್ಟು ಏಳಲಿಲ್ಲ. ಊರವರು ಜೀಪು ಮಾಡಿಕೊಂಡು ಮನೋಳಿಗೆ ಹೋದರು. ಮಹಬೂಬಸಾಬ ಮೊದಲು ಆಗುವುದಿಲ್ಲವೆಂದನಂತೆ. ಜೊತೆಗೆ ಹೋಗಿದ್ದ ಗೌಡರು ಕೇಳಿದರಂತೆ: "ಡಾಕ್ಟರ್ ಬಾಯಿ ಮಾತು ದೊಡ್ಡದೋ, ಹೆತ್ತಾಕಿ ಕಣ್ಣೀರು ದೊಡ್ಡದೋ?" ಇಂಥ ಪ್ರಶ್ನೆ ಕೇಳುವವರು ತಾವು ಎಂದೂ ನೀರಿಗಿಳಿಯುವುದಿಲ್ಲ. ಅವನು ಜೀಪು ಹತ್ತಿದ.

ಮುಂದಿನದನ್ನು ನನಗೆ ಹೇಳಿದವನು ದಾದಾಪೀರ. ಗವಿಯೊಳಗೆ ಹೆಣಕ್ಕೆ ಹಗ್ಗ ಬಿಗಿಯುವವರೆಗೆ ಎಲ್ಲಾ ಸರಿಯಿತ್ತು. ಆಮೇಲೆ ಮಹಬೂಬಸಾಬನ ಲೋಕ ತಿರುಗತೊಡಗಿತು. ಹೊರಗೆ ಬರುತ್ತಿದ್ದೇನೆಂದುಕೊಂಡು ಗವಿಯ ಇನ್ನೂ ಒಳಕ್ಕೆ ಹೊರಟಿದ್ದ. ಅವನ ಸೊಂಟದ ಹಗ್ಗ ತಪ್ಪು ದಿಕ್ಕಿಗೆ ಓಡುವುದನ್ನು ಕಂಡು ದಾದಾಪೀರ ಎಳೆದು ತೆಗೆದ. ದಂಡೆಗೆ ಬಿದ್ದವನು ವಾಂತಿ ಮಾಡುತ್ತ ಮಣ್ಣನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದನಂತೆ, ನೆಲವೂ ಜಾರಿಹೋಗುತ್ತದೆಂಬ ಹೆದರಿಕೆಗೆ. ಹೆಣ ಮೇಲೆ ಬಂತು. ಊರು ಅತ್ತಿತು. ಗಂಗವ್ವ ಬಟ್ಟಲು ತಂದರು.

"ಬ್ಯಾಡ್ರಿ ಅಂತ ನಾ ಅಂದೆ ಬಾಯಾರ," ಎಂದ ದಾದಾಪೀರ. "ಅಂವ ಕಣ್ಣು ಮುಚಗೊಂಡು ಸುಮ್ಮನ ಮಕ್ಕೊಂಡಿದ್ದ. ಕೀವು ಸೋರತಿತ್ತು. ಮುದುಕಿ ಅದನ್ನ ಸೆರಗಿಲೆ ಒರಸಿ ಎಣ್ಣಿ ಬಿಟ್ಟಳು."

ಸೋಂಕು ಕಿವಿಯ ಹಿಂದಿನ ಮಾಸ್ಟಾಯ್ಡ್ ಎಲುಬಿಗೆ ಇಳಿಯಿತು. ಧಾರವಾಡದಲ್ಲಿ ಕೊರೆದು ತೆಗೆದರು. ಜೀವ ಉಳಿಯಿತು, ಎಡಗಿವಿ ಪೂರ್ತಿ ಹೋಯಿತು. ಗೋಡೆ ಹಿಡಿಯದೆ ನಡೆಯಲು ಬಹಳ ಕಾಲ ಬೇಕಾಯಿತು. ನೀರಿನ ಕಸುಬು ಅಲ್ಲಿಗೆ ಮುಗಿಯಿತು. ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರಲು ಕುಳಿತ. ಸಾಲಹಳ್ಳಿಯಿಂದ ಯಾರೂ ನೋಡಲು ಬರಲಿಲ್ಲ. ಬಂದಿದ್ದರೆ ನಾಲ್ಕು ಮಾತು ಆಡಬೇಕೆಂದು ನಾನು ಕಾದಿದ್ದೆ.

2006ರಲ್ಲಿ ನಾನು ರಾಮದುರ್ಗದಲ್ಲಿದ್ದಾಗ ಗಂಗವ್ವನೇ ಕಿವಿನೋವೆಂದು ಬಂದರು. ಹಣ್ಣು ಹಣ್ಣು ಮುದುಕಿ. ಹೆಸರು, ಊರು ಕೇಳಿದ ಮೇಲೆ ಯಾರೆಂದು ತಿಳಿಯಿತು. "ಎಣ್ಣಿ ಹಾಕೀರೇನು?" ಎಂದೆ.

ಅವರು ಎರಡೂ ಗಲ್ಲ ಮುಟ್ಟಿಕೊಂಡರು. "ಅಯ್ಯ ಶಿವನ, ಇಲ್ಲವಾ. ನಮ್ಮೂರಾಗ ಈಗ ಯಾರೂ ಕಿವಿಗೆ ಎಣ್ಣಿ ಹಾಕಂಗಿಲ್ಲ. ಮನೋಳಿ ಸಾಬನ ಕಿವಿ ಹೋತಲ್ಲ, ಅವಾಗಿಂದ ಬಿಟ್ಟೇವಿ. ಯಾರ ಹಾಕಿದ್ದರೋ ಏನೋ ಅಂವಗ, ಪಾಪ."

ಅವರ ಮುಖ ನೋಡಿದೆ. ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಮರೆತಿದ್ದರು. ಕಾದಿಟ್ಟಿದ್ದ ನಾಲ್ಕು ಮಾತನ್ನು ಬದಿಗಿಟ್ಟೆ. ಕಿವಿ ಸ್ವಚ್ಛ ಮಾಡಿ, ಔಷಧ ಬರೆದುಕೊಟ್ಟೆ.

ಸೋಂಕು ತಡೆಯುವುದು ಹೇಗೆಂದು ಯಾರಾದರೂ ಕೇಳಿದರೆ ಇಂದಿಗೂ ಅದೇ ಪಾಠ ಹೇಳುತ್ತೇನೆ. ಆದರೆ ವೃತ್ತಿ ನನಗೆ ಕಲಿಸಿದ್ದು ಬೇರೆ. ಪಾಠವನ್ನು ರೋಗಿಗೆ ಹೇಳಿದರೆ ಸಾಲದು, ಅವನು ಬೇಡವೆನ್ನಲಾರದ ಊರಿಗೂ ಹೇಳಬೇಕು. ಊರು ಕೇಳುತ್ತದೆ, ಕೇಳುವುದಿಲ್ಲವೆಂದಲ್ಲ. ಅದಕ್ಕೆ ಮೊದಲು ಒಬ್ಬನ ಕಿವಿ ಹೋಗಬೇಕು, ಅಷ್ಟೇ.